ಕಾಲಿಗೆ ಚಿಪ್ಪಿಲ್ಲದ ಚಿಪ್ಪುಹಂದಿ

ನವರಾತ್ರಿಯಲ್ಲಿ ಗೊಂಬೆಗಳನ್ನು ಒಮ್ಮೆ ಮೆಟ್ಟಿಲಿನ ಮೇಲೆ ಕೂರಿಸಿದರೆ ವಿಜಯದಶಮಿ ಮುಗಿಯುವ ತನಕ ಅವನ್ನು ಅಲುಗಾಡಿಸಬಾರದು. ಗೊಂಬೆ ಕೂರಿಸುವ ಮನೆಗಳಲ್ಲಿ ಇದು ಮಕ್ಕಳಿಗೂ ಗೊತ್ತು. ಹಾಗಿರುವಾಗ, ಹಬ್ಬದ ನಟ್ಟನಡುವೆ, ಅರವತ್ತು ದಾಟಿದ ಹೆಂಗಸೊಬ್ಬರು ಗೊಂಬೆ ಮೆಟ್ಟಿಲಿನ ಮುಂದೆ ಬೋರಲಾಗಿ ಮಲಗಿಕೊಂಡು, ಹುಬ್ಬು ಕೀಳುವ ಚಿಮಟದಿಂದ ಒಂದು ಪ್ರಾಣಿಯ ಕಾಲಿನ ಚಿಪ್ಪುಗಳನ್ನು ಒಂದೊಂದೇ ಕೀಳುತ್ತಿದ್ದರೆ, ಪಕ್ಕದಲ್ಲಿ ಟಾರ್ಚ್ ಹಿಡಿದು ಕೂತವಳ ಗತಿ ಏನಾಗಬೇಕು? ಟಾರ್ಚ್ ಹಿಡಿದವಳು ನಾನು. ಚಿಮಟವೂ ನನ್ನದೇ.

ಆ ಹೆಂಗಸು ಈ ಸಲದ ಆಷಾಢದಲ್ಲಿ ತೀರಿಕೊಂಡರು. ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಮೇಡಂ ಅಂತಲೇ ಕರೆಯುತ್ತಿದ್ದದ್ದು, ನಾನೂ ಹಾಗೇ ಬರೆಯುತ್ತೇನೆ. ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಬಸವೇಶ್ವರನಗರದಲ್ಲಿ ನನ್ನದೊಂದು ಪುಟ್ಟ ಅಂಗಡಿ ಇದೆ, ಸೀರೆಗೆ ಫಾಲ್ ಹಚ್ಚುವುದು, ಝಿಗ್‌ಝಾಗ್ ಮಾಡುವುದು, ಆಗೀಗ ಕುಚ್ಚು ಕಟ್ಟುವುದು. ಎದುರಿಗೇ ಅವರ ಮನೆ. ನಾನು ಮಿಷನ್ನಿನ ಮುಂದೆ ಕೂತರೆ ಅವರ ಗೇಟು, ಗೇಟಿನೊಳಗಿನ ಕರಿಬೇವಿನ ಗಿಡ, ಗಿಡದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಯಾವುದೋ ಹುಳವನ್ನು ನೋಡುತ್ತಿರುವ ಮೇಡಂ, ಇಷ್ಟೂ ಕಾಣುತ್ತಿತ್ತು. ಹತ್ತಿರದ್ದನ್ನು ನೋಡಬೇಕಾದರೆ ಕನ್ನಡಕ ತೆಗೆದು ಹಣೆಗೇರಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುವರು. ನಾನು ಹಚ್ಚಿದ ಫಾಲನ್ನೂ ಹಾಗೇ ನೋಡುವರು. ಒಂದು ಹೊಲಿಗೆ ಸೊಟ್ಟಗಿದ್ದರೂ ಬೈಯುವುದಿಲ್ಲ, ಬರೀ ಬೆರಳಿಟ್ಟು ತೋರಿಸುವರು. ಅದು ಬೈದಿದ್ದಕ್ಕಿಂತ ಕೆಟ್ಟದ್ದು. ಬಿಚ್ಚಿ ಮತ್ತೆ ಹಚ್ಚದೆ ನನಗೆ ಊಟ ಸೇರುತ್ತಿರಲಿಲ್ಲ.

ಅವರ ಬಾಯಲ್ಲಿ ಹೆಚ್ಚು ಬರುತ್ತಿದ್ದ ಮಾತು, "ಗೊತ್ತಿಲ್ಲ. ನೋಡಿ ಹೇಳ್ತೀನಿ." ಓದಿದವರು ಹೀಗನ್ನುವುದನ್ನು ನಾನು ಬೇರೆಲ್ಲೂ ಕೇಳಿಲ್ಲ. ಜಿರಲೆಗೆ ಕಿವಿ ಇದೆಯಾ ಅಂತ ಒಮ್ಮೆ ಸುಮ್ಮನೆ ಕೇಳಿಬಿಟ್ಟೆ. ಮೂರು ದಿನ ಬಿಟ್ಟು ಅಂಗಡಿಗೆ ಬಂದು, ಗಿರಾಕಿಗಳೆಲ್ಲ ಕೂತಿರುವಾಗ, ಜಿರಲೆ ಸದ್ದನ್ನು ಹೇಗೆ ಗ್ರಹಿಸುತ್ತದೆ ಅಂತ ಅರ್ಧ ಗಂಟೆ ವಿವರಿಸಿದರು. ಮದುವೆಯ ರೇಷ್ಮೆ ಸೀರೆ ತಂದಿದ್ದ ಒಬ್ಬಾಕೆ ಸೀರೆಯನ್ನು ಮಡಿಲಿಗೆ ಒತ್ತಿಕೊಂಡು ಕೂತಿದ್ದಳು, ಪಾಪ. ಇನ್ನೊಮ್ಮೆ ಮೋರಿಯಲ್ಲಿ ಹಾವು ಕಾಣಿಸಿ ಬೀದಿಯ ಗಂಡಸರೆಲ್ಲ ಕೋಲು ಹಿಡಿದು ನಿಂತಿದ್ದರು. ಮೇಡಂ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದು ಬಗ್ಗಿ ನೋಡಿದರು. "ಇದು ಕೇರೆ ಹಾವು. ಇಲಿ ತಿನ್ನೋಕೆ ಬಂದಿದೆ. ಇಲಿ ನಿಮ್ಮ ಕಸ ತಿನ್ನೋಕೆ ಬಂದಿದೆ. ಕೋಲು ಕೆಳಗಿಡಿ, ಪೊರಕೆ ತಗೊಳ್ಳಿ" ಅಂದರು. ಗಂಡಸರು ಕೋಲು ಕೆಳಗಿಟ್ಟು ಮನೆಗೆ ಹೋದರು. ಪೊರಕೆ ಮಾತ್ರ ಯಾರೂ ತರಲಿಲ್ಲ, ಅದು ಬೇರೆ ವಿಷಯ.

ಮನೆಯಲ್ಲಿದ್ದವರು ಇಬ್ಬರೇ, ಮೇಡಂ ಮತ್ತು ಅವರ ಅತ್ತೆ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅತ್ತೆಯನ್ನು ನಾವು ಅಜ್ಜಿ ಅನ್ನುತ್ತಿದ್ದೆವು. ಬಾಯಲ್ಲಿ ಒಂದೂ ಹಲ್ಲಿಲ್ಲ, ಮಾತಿಗೇನೂ ಕಮ್ಮಿಯಿಲ್ಲ. ಗಂಡನಿಲ್ಲದ ಇಬ್ಬರು ಹೆಂಗಸರು ಗೊಂಬೆ ಕೂರಿಸುತ್ತಾರಲ್ಲ ಅಂತ ಬೀದಿಯಲ್ಲಿ ಯಾರೋ ಅಂದದ್ದು ಅಜ್ಜಿಯ ಕಿವಿಗೆ ಬಿದ್ದಿತ್ತು. "ಗೊಂಬೆಗಳೇನಾದ್ರೂ ಬಂದು ಕಂಪ್ಲೇಂಟ್ ಕೊಟ್ವಾ?" ಅಂತ ಕೇಳಿದರು.

ಅತ್ತೆ ಸೊಸೆಯರಲ್ಲಿ ಒಂದು ಒಪ್ಪಂದವಿತ್ತು. ಮೇಲಿನ ಮೆಟ್ಟಿಲುಗಳು ಅಜ್ಜಿಯವು. ಅಲ್ಲಿ ಅವರ ತವರಿನಿಂದ ಬಂದ ಮರದ ರಾಜ ರಾಣಿ, ಅಂದರೆ ಪಟ್ಟದ ಗೊಂಬೆಗಳು, ಆಮೇಲೆ ದೇವರುಗಳು, ಮದುವೆ ದಿಬ್ಬಣ, ಶೆಟ್ಟಿ ಅಂಗಡಿ. ಕೆಳಗಿನ ಮೆಟ್ಟಿಲುಗಳು ಮೇಡಂ ಪಾಲು. ಅಲ್ಲಿ ಭೂಮಿಯ ಮೇಲಿದ್ದು ಅಳಿದುಹೋದ ಪ್ರಾಣಿಗಳು. ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಿಸಬೇಕು ಅನ್ನುವುದು ಪದ್ಧತಿ ತಾನೇ? ಎಲ್ಲರೂ ಅಂಗಡಿಯಿಂದ ತಂದರೆ ಇವರು ನೆನೆಸಿದ ನ್ಯೂಸ್‌ಪೇಪರಿಗೆ ಮೆಂತ್ಯದ ಹಿಟ್ಟು ಕಲಸಿ ತಾವೇ ಮಾಡುವರು. ನಮ್ಮ ಬೀದಿಯ ಮಕ್ಕಳು ಮೇಲೆ ಕೂತ ಶ್ರೀರಾಮನಿಗೆ ಒಂದು ನಮಸ್ಕಾರ ಹಾಕಿ, ಸೀದಾ ಕೆಳಗೆ ಬಗ್ಗುತ್ತಿದ್ದವು.

ನಾನು ಟಾರ್ಚ್ ಹಿಡಿದ ಆ ವರ್ಷದ ಹೊಸ ಗೊಂಬೆ ಈಯೊಮಾನಿಸ್. ಈಗಿನ ಚಿಪ್ಪುಹಂದಿಯ ಪೂರ್ವಕಾಲದ ನೆಂಟ. ನಾಲ್ಕೂವರೆ ಕೋಟಿ ವರ್ಷಕ್ಕೂ ಹಿಂದೆ ಬದುಕಿತ್ತಂತೆ, ಈಗ ವಂಶವೇ ಇಲ್ಲ. ಜರ್ಮನಿಯಲ್ಲಿ ಒಂದು ಹಳೇ ಕೆರೆಯ ತಳ ಕಲ್ಲಾಗಿ, ಆ ಕಲ್ಲಿನ ಪದರದಲ್ಲಿ ಅದರ ಅಸ್ಥಿಪಂಜರ ಚಿಪ್ಪಿನ ಗುರುತಿನ ಸಮೇತ ಸಿಕ್ಕಿದೆ. ಮೂತಿಯಿಂದ ಬಾಲದ ತುದಿಗೆ ಒಂದು ಮೊಳದಷ್ಟು, ಅಷ್ಟೇ. ಅದರ ಫೋಟೋವನ್ನು ಮೇಡಂ ಮೊಬೈಲಿನಲ್ಲಿ ನನಗೂ ತೋರಿಸಿದ್ದರು. ನನಗೆ ಕಂಡದ್ದು ತಳ ಹಿಡಿದ ದೋಸೆ. ಮೇಡಂಗೆ ಬೆನ್ನು, ಪಕ್ಕೆಲುಬು, ಉಗುರು ಎಲ್ಲ ಕಾಣುತ್ತಿತ್ತು. "ಹೊಟ್ಟೆಯಲ್ಲಿ ಕೊನೇ ಊಟ ಕೂಡ ಹಾಗೇ ಉಳಿದಿದೆ. ಹುಳ, ಜೊತೆಗೆ ಸೊಪ್ಪುಸದೆ" ಅಂದರು.

ಅಜ್ಜಿ ಪಕ್ಕದಲ್ಲೇ ಇದ್ದರು. "ಉಂಡುಕೊಂಡೇ ಹೋಗಿದೆ, ಪುಣ್ಯಾತ್ಮ. ಹಲ್ಲು?"

"ಇಲ್ಲ ಅತ್ತೆ. ಇದರ ಜಾತಿಗೇ ಹಲ್ಲಿಲ್ಲ."

"ಹಾಗಾದ್ರೆ ನಮ್ಮೋರೇ" ಅಂದರು ಅಜ್ಜಿ. ಅವತ್ತಿನಿಂದ ಅದಕ್ಕೆ ಅಜ್ಜಪ್ಪ ಅಂತ ಹೆಸರಾಯಿತು.

ಚಿಪ್ಪಿಗೆ ಏನು ಮಾಡುವುದು ಅನ್ನುವ ಸಮಸ್ಯೆ ಬಿಡಿಸಿದ್ದು ಅಜ್ಜಿಯೇ. ಯಾರದೋ ನಾಮಕರಣದಲ್ಲಿ ಉಳಿದಿದ್ದ ಅಡಿಕೆ ಹಾಳೆಯ ತಟ್ಟೆಗಳು ಅಟ್ಟದ ಮೇಲಿದ್ದವು. ಅವನ್ನು ಉಗುರಿನಾಕಾರಕ್ಕೆ ಕತ್ತರಿಸಿ, ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದರು. ಕತ್ತರಿಸಿದ್ದು ನಾನು, ಅಂಟಿಸಿದ್ದು ಅಜ್ಜಿ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಮೂತಿ ಬಿಟ್ಟು ಬೆನ್ನು, ಕಾಲು, ಬಾಲ ಎಲ್ಲ ಚಿಪ್ಪಾಗಿ ಅಜ್ಜಪ್ಪ ಮೆಟ್ಟಿಲೇರಿ ಕೂತಿತು. ಮುಟ್ಟಿದರೆ ಎಲ್ಲಿ ಸುತ್ತಿಕೊಂಡುಬಿಡುತ್ತೋ ಅನ್ನುವ ಹಾಗಿತ್ತು.

ಹಬ್ಬ ಶುರುವಾದ ಮಾರನೇ ದಿನ ಅಜ್ಜಿಗೆ ಹೊಟ್ಟೆನೋವು ಬಂತು. ಪಿತ್ತಕೋಶದಲ್ಲಿ ಕಲ್ಲು. ಆಸ್ಪತ್ರೆಗೆ ಸೇರಿಸಿದರು. ಸದ್ಯಕ್ಕೆ ಔಷಧದಲ್ಲೂ ನೋಡಬಹುದು, ಆಪರೇಷನ್ನೂ ಮಾಡಬಹುದು, ವಯಸ್ಸಾಗಿರುವುದರಿಂದ ನೀವೇ ಯೋಚಿಸಿ ಅಂದರಂತೆ ಡಾಕ್ಟರು. ಅಜ್ಜಿಯ ಮಗಳು, ಮೇಡಂ ನಾದಿನಿ, ಕೆಂಗೇರಿಯಿಂದ ಓಡಿಬಂದರು. ಆಪರೇಷನ್ ಬೇಡವೇ ಬೇಡ ಅಂತ ಹಟ ಹಿಡಿದರು, ಅತ್ತರು. ಅಜ್ಜಿ ಕೇಳಬೇಕಲ್ಲ. "ಇದ್ದಷ್ಟು ದಿನ ಹೋಳಿಗೆ ತಿನ್ಕೊಂಡು ಇರ್ತೀನಿ. ತೆಗೆದುಹಾಕಿ" ಅಂದುಬಿಟ್ಟರು. ಮೇಡಂ ಯಾರ ಪರವಾಗಿಯೂ ಮಾತಾಡಲಿಲ್ಲ. ಹೊಟ್ಟೆ ಅತ್ತೆಯದು, ಅವರೇ ಹೇಳಲಿ ಅನ್ನುವುದು ಅವರ ನಿಲುವು.

ಅತ್ತೆ ಆಸ್ಪತ್ರೆಯಲ್ಲಿದ್ದರೂ ಸಂಜೆ ದೀಪ ಹಚ್ಚಿ ಮಕ್ಕಳಿಗೆ ಗೊಂಬೆ ತೋರಿಸಿ ಚರಪಿನ ತಿಂಡಿ ಹಂಚುವುದನ್ನು ಮೇಡಂ ಬಿಡಲಿಲ್ಲ, ಅಜ್ಜಿಯ ಆಜ್ಞೆಯೇ ಹಾಗಿತ್ತು. ಅಂಥ ಒಂದು ಸಂಜೆ, ನಮ್ಮ ಮಹಡಿ ಮನೆಗೆ ಹಾವೇರಿ ಕಡೆಯಿಂದ ಬಂದಿದ್ದವರ ಹುಡುಗಿ ಕೇಳಿದಳು: "ಮೇಡಂ, ಅದರ ಅಂಗಾಲಿಗೂ ಚಿಪ್ಪ ಇರ್ತಾವೇನ್ರಿ?"

"ಗೊತ್ತಿಲ್ಲಮ್ಮ. ನೋಡಿ ಹೇಳ್ತೀನಿ" ಅಂದರು ಮೇಡಂ.

ಮಾರನೇ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಮುಖ ಒಂಥರಾ ಆಗಿತ್ತು. ಅಜ್ಜಿಗೇನಾದರೂ ಆಯಿತಾ ಅಂತ ನಾನು ಮಿಷನ್ ನಿಲ್ಲಿಸಿದೆ. "ಅಂಗಾಲಿನ ಮಾತು ಹಾಗಿರಲಿ, ಅದರ ಕಾಲಿಗೇ ಚಿಪ್ಪಿಲ್ಲ ಕಣೇ. ಬಾಲಕ್ಕೂ ಇಲ್ಲ. ಮೈಮೇಲೆ ಮಾತ್ರ" ಅಂದರು. ಈಗಿನ ಚಿಪ್ಪುಹಂದಿಗೆ ಬಾಲದ ತುದಿಯವರೆಗೂ ಚಿಪ್ಪು. ಅದೇ ಕಣ್ಣಲ್ಲಿ ಕೂತಿತ್ತು, ಕೈ ತಾನಾಗಿ ಅದನ್ನೇ ಮಾಡಿತ್ತು. "ಮೊಮ್ಮಗನ ಅಂಗಿ ತಾತನಿಗೆ ತೊಡಿಸಿದ್ದೀನಿ. ಇಷ್ಟು ವರ್ಷ ಹುಡುಗೀರಿಗೆ ಹೇಳ್ತಾ ಬಂದೆ, ಗೊತ್ತಿರೋದನ್ನ ಬರೀಬೇಡಿ, ಕಾಣೋದನ್ನ ಬರೀರಿ ಅಂತ."

"ಹಬ್ಬ ಮುಗೀಲಿ ಮೇಡಂ, ಆಮೇಲೆ ಸರಿ ಮಾಡಿದ್ರಾಯ್ತು."

"ಅಷ್ಟರಲ್ಲಿ ಮಕ್ಕಳೆಲ್ಲ ನೋಡ್ಕೊಂಡು ಹೋಗಿರ್ತಾವೆ. ತಪ್ಪು ನೋಡಿಕೊಂಡು ಹೋದ ಮಗೂನ ಆಮೇಲೆ ಎಲ್ಲಿ ಹುಡುಕಲಿ?"

ಅವರಿಗೆ ಗೊಂಬೆ ಅಲುಗಿದರೆ ಕೆಡುಕಾಗುತ್ತದೆ ಅನ್ನುವ ನಂಬಿಕೆ ಇರಲಿಲ್ಲ. ಆದರೆ ಗೊಂಬೆ ಅಜ್ಜಿಯ ಮನೆಯದು, ನೇಮ ಅಜ್ಜಿಯದು. ಕೇಳದೆ ಮುಟ್ಟುವ ಜನವಲ್ಲ. ಸಂಜೆ ನಾಲ್ಕಕ್ಕೆ ಆಸ್ಪತ್ರೆಗೆ ಹೊರಟರು. ಫ್ಲಾಸ್ಕು ಹಿಡಿದುಕೊಂಡು ನಾನೂ ಜೊತೆಗೆ ಹೋದೆ. ಮಾರನೇ ಬೆಳಿಗ್ಗೆ ಆಪರೇಷನ್ ಅಂತ ನಿಗದಿಯಾಗಿತ್ತು. ನಾದಿನಿ ಔಷಧ ತರಲು ಕೆಳಗೆ ಹೋಗಿದ್ದರು. ಅಜ್ಜಿ ದಿಂಬಿಗೊರಗಿ ಕೂತು, "ಅಜ್ಜಪ್ಪನಾದ್ರೂ ಉಂಡು ಹೋಯ್ತು. ಇವರು ನನಗೆ ಕಾಫಿನೂ ಕೊಡಲ್ಲ" ಅಂತ ಗೊಣಗುತ್ತಿದ್ದರು.

ಮೇಡಂ ವಿಷಯ ಹೇಳಿದರು.

"ಯಾವ ಕಾಲು?" ಅಂತ ಕೇಳಿದರು ಅಜ್ಜಿ.

"ನಾಲ್ಕೂ. ಬಾಲಾನೂ."

"ಅಯ್ಯೋ ನಿನ್ನ. ಬಾಲಕ್ಕೆ ಅಂಟಿಸಿ ಅಂಟಿಸಿ ನನ್ನ ಬೆರಳು ಮರಗಟ್ಟಿತ್ತಲ್ಲೇ" ಅಂತ ಬೋಡುಬಾಯಿ ತೆರೆದು ನಕ್ಕರು. ಆಮೇಲೆ ಹೇಳಿದರು: "ಕಿತ್ತುಹಾಕು. ಮಕ್ಕಳಿಗೆ ಸುಳ್ಳು ತೋರಿಸಿಕೊಂಡು ಎಂಥಾ ಹಬ್ಬ. ಆದ್ರೆ ಕದಲಿಸಬೇಡ, ಕೂತಿರೋ ಹಾಗೇ ಕೀಳು. ನಾನು ಹೇಳ್ದೆ ಅಂತ ನನ್ನ ಮಗಳ ಹತ್ರ ಬಾಯಿ ಬಿಡಬೇಡಿ ಇಬ್ರೂ. ನಾಳೆ ಆಪರೇಷನ್ ಇಟ್ಕೊಂಡು ಇದೊಂದು ಕೇಡು ಅಂತ ಇನ್ನೊಂದು ಸಲ ಅಳೋಕೆ ಶುರು ಮಾಡ್ತಾಳೆ. ಮನೆಗೆ ಬಂದ್ಮೇಲೆ ನಾನೇ ಹೇಳ್ತೀನಿ."

ಮನೆಗೆ ಬಂದೆವು. ಮಕ್ಕಳು ಬರುವ ಹೊತ್ತಾಗಿತ್ತು. ಅವರ ಎದುರಿಗೇ ಮೇಡಂ ನೆಲದ ಮೇಲೆ ಬೋರಲು ಮಲಗಿದರು. "ನಿನ್ನೆಯವರೆಗೂ ನಾನು ಹೇಳಿದ್ದು ತಪ್ಪು. ಅಂಗಾಲಿನ ಬಗ್ಗೆ ಇವಳು ಕೇಳಿದ್ದಕ್ಕೆ ಗೊತ್ತಾಯ್ತು" ಅಂತ ಹಾವೇರಿ ಹುಡುಗಿಯನ್ನು ತೋರಿಸಿ, ಚಿಮಟ ಕೈಗೆ ತಗೊಂಡರು. ಗೊಂಬೆ ಒಂದು ಕೂದಲೆಳೆಯಷ್ಟೂ ಜರುಗಬಾರದು. ಎಡಗೈಯಿಂದ ಅದರ ಬೆನ್ನನ್ನು ಹಗುರವಾಗಿ ಒತ್ತಿ ಹಿಡಿದು, ಬಲಗೈಯಿಂದ ಒಂದೊಂದೇ ಚಿಪ್ಪನ್ನು ಬುಡದಿಂದ ಬಿಡಿಸಿದರು. ನನಗೆ ಹೆದರಿಕೆ ಇರಲಿಲ್ಲ ಅಂದರೆ ಸುಳ್ಳು. ಟಾರ್ಚಿನ ಬೆಳಕು ಹೋಗಿ ಹೋಗಿ ಮೇಲಿನ ಸರಸ್ವತಿಯ ವೀಣೆಯ ಮೇಲೆ ಬೀಳುತ್ತಿತ್ತು. "ಕಾಲಿಗೆ ಹಿಡಿ" ಅನ್ನುವರು ಮೇಡಂ. ಮಕ್ಕಳೆಲ್ಲ ಬಗ್ಗಿ ನೋಡುತ್ತಿದ್ದವು. ಚಿಪ್ಪು ಹೋದ ಜಾಗದಲ್ಲಿ ಬರೀ ಪೇಪರು ಕಾಣಿಸಿತು. ಅಲ್ಲಿಗೆ ಡಿಕಾಕ್ಷನ್ ಸವರಿದರು.

ಆಸ್ಪತ್ರೆಯಿಂದ ಅಜ್ಜಿಯ ಸ್ವೆಟರ್ ತೆಗೆದುಕೊಂಡು ಹೋಗಲು ನಾದಿನಿ ಬಂದದ್ದು ಆಗಲೇ. ಬಾಗಿಲಲ್ಲೇ ನಿಂತುಬಿಟ್ಟರು.

"ಏನ್ ಅತ್ತಿಗೆ ಇದು? ಕೂರಿಸಿದ ಗೊಂಬೇನ ಭಿನ್ನ ಮಾಡ್ತಿದ್ದೀರಾ? ಅದೂ ಇವತ್ತು?"

"ತಪ್ಪಾಗಿತ್ತು. ಸರಿ ಮಾಡ್ತಿದ್ದೀನಿ" ಅಂದರು ಮೇಡಂ. ಅಷ್ಟೇ ಅಂದರು.

ನಾದಿನಿ ಸ್ವೆಟರ್ ತಗೊಂಡು ಹೋದರು. ಮಾರನೇ ದಿನ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು ಅಂದರು. ಸಂಜೆ ಅಜ್ಜಿಯ ಎದೆಬಡಿತ ನಿಂತುಹೋಯಿತು.

ಮನೆಗೆ ಸೂತಕ ಬಂತು. ಸೂತಕದಲ್ಲಿ ಗೊಂಬೆ ಮುಟ್ಟುವಂತಿಲ್ಲ, ಇಳಿಸುವಂತೆಯೂ ಇಲ್ಲ. ವಿಜಯದಶಮಿ ಕಳೆದರೂ ರಾಜ ರಾಣಿ, ದೇವರುಗಳು, ಅಜ್ಜಪ್ಪ, ಎಲ್ಲ ಒಂದು ಬಿಳಿ ಬೆಡ್‌ಶೀಟಿನ ಹಿಂದೆ ಹಾಗೇ ಕೂತಿದ್ದವು. ವೈಕುಂಠ ಸಮಾರಾಧನೆಯ ದಿನ, ನೆಂಟರಿಷ್ಟರೆಲ್ಲ ಎಲೆಯ ಮುಂದೆ ಕೂತಿರುವಾಗ ನಾದಿನಿ ಗಟ್ಟಿಯಾಗಿಯೇ ಹೇಳಿದರು: "ನಮ್ಮಮ್ಮನ್ನ ಕಳ್ಕೊಂಡಿದ್ದು ಆಪರೇಷನ್ನಿಂದಲ್ಲ. ಹಿಂದಿನ ದಿನ ಇವರು ಗೊಂಬೆ ಕಾಲು ಕಿತ್ತರಲ್ಲ, ಅದರಿಂದ." ಮೇಡಂ ಪಾಯಸ ಬಡಿಸುತ್ತಿದ್ದರು. ಹೇಳಬಹುದಿತ್ತು, ನಿಮ್ಮಮ್ಮನೇ ಕೀಳು ಅಂದರು, ಬೇಕಾದರೆ ಇವಳನ್ನು ಕೇಳು ಅಂತ. ನಾನು ಅಲ್ಲೇ ಎಲೆ ಮುಂದೆ ಕೂತಿದ್ದೆ. ಅವರು ನಾದಿನಿಯ ಎಲೆಯ ಹತ್ತಿರ ಬಗ್ಗಿ, "ಇನ್ನೊಂದು ಸೌಟು ಹಾಕ್ಲಾ?" ಅಂತ ಕೇಳಿದರು.

ನನಗೆ ಮೈ ಉರಿದುಹೋಯಿತು. ಎಲ್ಲರೂ ಹೋದ ಮೇಲೆ ಜಗಳಕ್ಕೇ ನಿಂತೆ. "ಅಜ್ಜಿ ಇನ್ನು ಬಂದು ಹೇಳಲ್ಲ ಮೇಡಂ. ನೀವು ಹೇಳ್ದೆ ಇದ್ರೆ ನಾನು ಹೇಳ್ತೀನಿ."

"ನೀನೂ ಹೇಳಬಾರದು. ನಾನಿರೋವರೆಗೂ ಹೇಳಬಾರದು. ಮಾತು ಕೊಡು" ಅಂದರು. ಕೊಟ್ಟೆ. ಯಾಕೆ ಅಂತ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಗೊತ್ತಿಲ್ಲ, ನೋಡಿ ಹೇಳ್ತೀನಿ ಅಂತಲೂ ಅನ್ನಲಿಲ್ಲ.

ಆ ನಾದಿನಿಯನ್ನು ಬಿಟ್ಟರೆ ಮೇಡಂಗೆ ತಮ್ಮವರು ಅಂತ ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಆ ಒಂದು ಸಂಬಂಧ ಒಂದು ತಪ್ಪು ತಿಳಿವಳಿಕೆಯಿಂದ ಕೊಳೆಯುತ್ತಿದೆಯಲ್ಲ, ಒಂದು ಮಾತು ಹೇಳಿದರೆ ಸರಿಹೋಗುತ್ತಲ್ಲ ಅಂತ ನನ್ನ ಸಂಕಟ. ಜಿರಲೆಯ ಕಿವಿಯ ವಿಷಯದಲ್ಲೂ ತಪ್ಪು ಉಳಿಯಗೊಡದವರು, ತಮ್ಮ ಮೇಲೇ ಬಂದ ಇಷ್ಟು ದೊಡ್ಡ ತಪ್ಪನ್ನು ತಿದ್ದದೆ ಹೇಗಿದ್ದಾರೆ ಅಂತ ನನಗೆ ಅರ್ಥವೇ ಆಗುತ್ತಿರಲಿಲ್ಲ.

ಮುಂದಿನ ವರ್ಷವೂ ಮೇಡಂ ಗೊಂಬೆ ಕೂರಿಸಿದರು. ಆಮೇಲೂ ಪ್ರತಿ ವರ್ಷ ಕೂರಿಸಿದರು. ಮೇಲಿನ ಮೆಟ್ಟಿಲುಗಳನ್ನು ಅಜ್ಜಿ ಇಡುತ್ತಿದ್ದ ಹಾಗೇ ಇಟ್ಟರು, ದೇವರ ಹೆಸರು ಗೊತ್ತಾಗದಿದ್ದಾಗ ನನ್ನನ್ನು ಕರೆದು ಕೇಳುವರು. ಅಜ್ಜಪ್ಪನೂ ತನ್ನ ಜಾಗದಲ್ಲಿ ಬೋಳುಗಾಲು ಊರಿಕೊಂಡು ಕೂರುತ್ತಿತ್ತು. ಹಬ್ಬದಲ್ಲಿ ಒಂದು ದಿನ ನಾದಿನಿ ಬರುವರು. ಗೊಂಬೆಗಳಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂರುವರು. ಕೋಸಂಬರಿ ತಿನ್ನುತ್ತಾ ಚುಚ್ಚುಮಾತು ಶುರು. ಕೆಲವರಿಗೆ ಓದು ಜಾಸ್ತಿಯಾದರೆ ಮನುಷ್ಯರಿಗಿಂತ ಮೂಳೆಗಳೇ ಹೆಚ್ಚಾಗುತ್ತವೆ ಅನ್ನುವರು. ಅಮ್ಮ ಇದ್ದಿದ್ದರೆ ಅನ್ನುವರು. ಮೇಡಂ ಎಲ್ಲ ಕೇಳಿಸಿಕೊಂಡು, ಎರಡನೇ ಸಲ ಕಾಫಿ ಮಾಡಿ ಕೊಟ್ಟು, ವಿಜಯನಗರದ ಮೆಟ್ರೋ ಸ್ಟೇಷನ್ನಿನವರೆಗೂ ಆಟೋದಲ್ಲಿ ಜೊತೆಗೆ ಹೋಗಿ ಕಳಿಸಿ ಬರುವರು. ವಾಪಸ್ಸು ಬರುವಾಗ ಮುಖದಲ್ಲಿ ಒಂದು ಗೆರೆಯೂ ಬದಲಾಗಿರುತ್ತಿರಲಿಲ್ಲ. ಅಂಗಡಿ ಮುಂದೆ ನಿಂತು, "ಚೆನ್ನಾಗಿದ್ದಾಳೆ. ಸ್ವಲ್ಪ ಇಳಿದಿದ್ದಾಳೆ ಅನ್ಸುತ್ತೆ" ಅನ್ನುವರು. ನಾನು ಮಿಷನ್ನನ್ನು ಜೋರಾಗಿ ತುಳಿಯುತ್ತಿದ್ದೆ.

ಈ ಸಲ ಆಷಾಢದಲ್ಲಿ ಮೇಡಂಗೆ ಜ್ವರ ಬಂತು, ಎದೆಗಿಳಿಯಿತು, ನಾಲ್ಕೈದು ದಿನದಲ್ಲಿ ಹೋಗಿಬಿಟ್ಟರು. ಎಲ್ಲ ಕಾರ್ಯಗಳನ್ನೂ ನಾದಿನಿಯೇ ನಿಂತು ಮಾಡಿಸಿದರು. ಅದೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಮನೆ ಖಾಲಿ ಮಾಡಲು ಬಂದಿದ್ದರು. ನಾನು ಅಂಗಡಿಯ ಶಟರ್ ಅರ್ಧ ಎಳೆದು ಎದುರುಮನೆಗೆ ಹೋದೆ. ನಾದಿನಿ ಹಾಲಿನ ನೆಲದ ಮೇಲೆ ಕೂತು ಗೊಂಬೆಗಳಿಗೆ ಹಳೇ ಪಂಚೆಯ ತುಂಡು ಸುತ್ತಿ ಪೆಟ್ಟಿಗೆಗೆ ಇಳಿಸುತ್ತಿದ್ದರು. ಮಡಿಲಲ್ಲಿ ಅಜ್ಜಪ್ಪ ಇತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕೊಟ್ಟ ಮಾತಿನ ಅವಧಿಯೂ ಮುಗಿದಿತ್ತಲ್ಲ.

"ಒಂದು ವಿಷಯ ಹೇಳ್ಬೇಕು ನಿಮಗೆ" ಅಂದೆ. "ಆ ಚಿಪ್ಪು ಕೀಳು ಅಂತ ಹೇಳಿದ್ದು ನಿಮ್ಮಮ್ಮ. ಆಪರೇಷನ್ ಹಿಂದಿನ ದಿನ, ಆಸ್ಪತ್ರೆಯಲ್ಲಿ. ನಾನೇ ಕಿವಿಯಾರೆ ಕೇಳಿದೀನಿ. ಮೇಡಂದು ಏನೂ ತಪ್ಪಿಲ್ಲ."

ಅವರು ತಲೆಯೆತ್ತಲಿಲ್ಲ. ಸುತ್ತುವುದನ್ನೂ ನಿಲ್ಲಿಸಲಿಲ್ಲ.

"ಗೊತ್ತು" ಅಂದರು.

ಪಂಚೆಯ ತುಂಡನ್ನು ಇನ್ನೊಂದು ಸುತ್ತು ಸುತ್ತಿ ಅವರೇ ಮುಂದುವರಿಸಿದರು.

"ಅಮ್ಮನ್ನ ಕೇಳದೆ ಅತ್ತಿಗೆ ಆ ಮೆಟ್ಟಿಲ ಮೇಲೆ ಒಂದು ಹೂವೂ ಸರಿಸ್ತಿರಲಿಲ್ಲ. ಅವತ್ತು ಬಾಗಿಲಲ್ಲಿ ನಿಂತಾಗ್ಲೇ ಗೊತ್ತಾಯ್ತು ನನಗೆ."

"ಗೊತ್ತಿದ್ದೂ ಇಷ್ಟು ವರ್ಷ ಅವರನ್ನ ಹಾಗಂದ್ರಾ?"

"ಆಪರೇಷನ್ ಬೇಡಮ್ಮ ಅಂತ ಕಾಲು ಹಿಡ್ಕೊಂಡು ಗೋಳಾಡ್ದೆ ನಾನು. ನಕ್ಕುಬಿಟ್ರು. ನಕ್ಕು, ಒಳಗೆ ಹೋಗಿ, ಸತ್ತೋದ್ರು. ಸತ್ತ ತಾಯಿ ಮೇಲೆ ಸಿಟ್ಟು ಮಾಡ್ಕೊಳೋಕಾಗುತ್ತಾ ಹೇಳಿ? ಯಾರಾದ್ರೂ ಬೇಕಿತ್ತು. ಅತ್ತಿಗೆ ಇದ್ರು."

ಮತ್ತೆ ಹೇಳಿದರು: "ನನ್ನ ಸಿಟ್ಟು ಯಾರ ಮೇಲೆ ಅಂತ ಅವರಿಗೂ ಗೊತ್ತಿತ್ತು. ಮೊದಲನೇ ವರ್ಷ ಸ್ಟೇಷನ್ ಮೆಟ್ಟಿಲ ಹತ್ರ ಕೈ ಹಿಡ್ಕೊಂಡು ಅಂದ್ರು. 'ನನ್ನ ಮೇಲೇ ಇರ್ಲಿ ಬಿಡು, ನಾನು ತಡ್ಕೋತೀನಿ. ಆದ್ರೆ ವರ್ಷಕ್ಕೊಂದ್ಸಲ ಬಂದು ಬೈದು ಹೋಗು. ಬರೋದು ಮಾತ್ರ ಬಿಡಬೇಡ' ಅಂತ."

ಅವರ ಕೈ ಆಗ ನಿಂತಿತು. ಅರ್ಧ ಸುತ್ತಿದ್ದ ಪಂಚೆ ತುಂಡು ಜಾರಿ ನೆಲಕ್ಕೆ ಬಿತ್ತು.

"ಈಗ ನಾನು ಯಾರನ್ನ ಬೈಯೋಕೆ ಬರ್ಲಿ, ಹೇಳಿ" ಅಂದರು.

ನಾನು ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.